ಮನೆಯಲ್ಲಿ ಹೈಡ್ರೇಂಜಿಯ: ಕಡ್ಡಿ ಬೇರು ಬಿಟ್ಟಿದೆ, ಆದರೆ ಮಲೆನಾಡಿನ ಆ ನೀಲಿ ಬಣ್ಣ ಬೆಂಗಳೂರಿನಲ್ಲಿ ಬರುತ್ತದೆಯೇ?

ಮಹಡಿತೋಟ (ಬೆಂಗಳೂರು):

ಎಲ್ಲರಿಗೂ ನಮಸ್ಕಾರ. ಕಳೆದ ಜೂನ್ ತಿಂಗಳಲ್ಲಿ ಸಕಲೇಶಪುರದ ಹತ್ತಿರವಿರುವ ನಮ್ಮ ದೊಡ್ಡಮ್ಮನ ಮನೆಗೆ ಹೋಗಿದ್ದೆ. ಅವರ ಅಂಗಳದ ಅಂಚಿನಲ್ಲಿ ಹೈಡ್ರೇಂಜಿಯದ ಸಾಲಿದೆ. ಮಳೆಯ ಭಾರಕ್ಕೆ ಬಾಗಿ ನೆಲ ಮುಟ್ಟುವಷ್ಟು ದೊಡ್ಡ ಹೂಗೊಂಚಲುಗಳು, ಬಣ್ಣವಂತೂ ನವಿಲಿನ ಕುತ್ತಿಗೆಯ ನೀಲಿ. ಯಾರು ನೆಟ್ಟರು, ಯಾವಾಗ ನೆಟ್ಟರು ಎಂದು ಅವರಿಗೇ ನೆನಪಿಲ್ಲ. ಗೊಬ್ಬರ ಹಾಕಿದವರಿಲ್ಲ, ನೀರು ಹೊತ್ತವರಿಲ್ಲ. ಬರುವಾಗ ಐದು ಕಡ್ಡಿಗಳನ್ನು ಮುರಿದು ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದೆ.

ಅವುಗಳಲ್ಲಿ ಮೂರನ್ನು ಕೆಂಪು ಮಣ್ಣು ಮತ್ತು ಕೊಟ್ಟಿಗೆ ಗೊಬ್ಬರವನ್ನು ಸಮಸಮವಾಗಿ ಬೆರೆಸಿದ ಕುಂಡದಲ್ಲಿ ಊರಿದೆ. ಒಂದರ ತುದಿಯಲ್ಲಿ ಹೂ ಇತ್ತು. ಅದನ್ನು ಕತ್ತರಿಸಲು ಮನಸ್ಸು ಬಾರದೆ ಹಾಗೆಯೇ ಬಿಟ್ಟೆ. ಹತ್ತು ಹನ್ನೆರಡು ದಿನಗಳಲ್ಲಿ ಈ ಮೂರೂ ಬುಡದಿಂದ ಕಪ್ಪಾಗಿ ಕೊಳೆತುಹೋದವು. ಉಳಿದ ಎರಡನ್ನು ಅಡುಗೆಮನೆಯ ಕಿಟಕಿಯಲ್ಲಿ ನೀರು ತುಂಬಿದ ಗಾಜಿನ ಲೋಟದಲ್ಲಿ ಇಟ್ಟಿದ್ದೆ. ನಾಲ್ಕನೆಯ ವಾರಕ್ಕೆ ಅವುಗಳ ಗೆಣ್ಣಿನ ಸುತ್ತ ಬಿಳಿಯ ಗುಳ್ಳೆಗಳು ಎದ್ದವು, ಈಗ ಬೆರಳುದ್ದದ ಬೇರುಗಳಿವೆ. ಇವುಗಳನ್ನು ಕುಂಡಕ್ಕೆ ಯಾವ ರೀತಿ ವರ್ಗಾಯಿಸಬೇಕು ಎಂಬುದು ಮೊದಲ ಪ್ರಶ್ನೆ.

ಎರಡನೆಯದು ಬಣ್ಣದ ವಿಚಾರ. ದೊಡ್ಡಮ್ಮನ ಮನೆಯಲ್ಲಿಯೇ ಬಚ್ಚಲುಮನೆಯ ಹಿಂದಿನ ಗಿಡವೊಂದು ತಿಳಿಗುಲಾಬಿ ಬಣ್ಣದ ಹೂ ಬಿಡುತ್ತದೆ. ಅದೂ ಬೇಲಿಯ ಬದಿಯ ನೀಲಿ ಗಿಡದ ಕಡ್ಡಿಯಿಂದಲೇ ಆದದ್ದು ಎಂದು ಅವರು ಹೇಳುತ್ತಾರೆ. ಇದು ಸಾಧ್ಯವೇ? ನಮ್ಮಲ್ಲಿ ಇರುವುದು ಕೊಳವೆಬಾವಿಯ ನೀರು. ಕುದಿಸಿದ ಪಾತ್ರೆಯ ತಳದಲ್ಲಿ ಬಿಳಿಯ ಪದರ ಕಟ್ಟುತ್ತದೆ. ಇಲ್ಲಿ ನನಗೆ ನೀಲಿ ಹೂ ದೊರೆಯುವುದೇ?

ಮೂರನೆಯದು ಹಳೆಯ ಕೊರಗು. ಎರಡು ವರ್ಷಗಳ ಹಿಂದೆ ನರ್ಸರಿಯೊಂದರಿಂದ ಗುಲಾಬಿ ಬಣ್ಣದ ಹೂ ತುಂಬಿದ ಹೈಡ್ರೇಂಜಿಯ ತಂದಿದ್ದೆ. ಆ ಹೂ ಒಣಗಿದ ಮೇಲೆ ಇಂದಿನವರೆಗೆ ಒಂದು ಮೊಗ್ಗೂ ಬಂದಿಲ್ಲ. ಎಲೆ ಸೊಂಪಾಗಿದೆ. ಪ್ರತಿವರ್ಷ ಸಂಕ್ರಾಂತಿಯ ಆಸುಪಾಸಿನಲ್ಲಿ ಗುಲಾಬಿ ಗಿಡಗಳ ಜೊತೆಗೆ ಇದನ್ನೂ ಮೊಣಕಾಲೆತ್ತರಕ್ಕೆ ಸವರುತ್ತೇನೆ. ತಪ್ಪು ಎಲ್ಲಿ ಆಗುತ್ತಿದೆ ಎಂದು ತಿಳಿದವರು ದಯವಿಟ್ಟು ಹೇಳಬೇಕು.

ಹಿತ್ತಲಬಾಗಿಲು (ಮೂಡಿಗೆರೆ ಕಡೆ):

ನಮಸ್ಕಾರ. ನಮ್ಮ ಮನೆಯ ಹಿಂದೆಯೂ ಇಂಥದೇ ಸಾಲಿದೆ. ವರ್ಷಕ್ಕೆ ಹತ್ತಿಪ್ಪತ್ತು ಗಿಡಗಳನ್ನು ಮಾಡಿ ಬಂದವರಿಗೆ ಕೊಡುತ್ತೇನೆ. ಆ ಅನುಭವದಿಂದ ಕಡ್ಡಿಯ ವಿಚಾರವನ್ನಷ್ಟೇ ಬರೆಯುತ್ತೇನೆ. ಬಣ್ಣದ ಕಾರಣವನ್ನು ತಿಳಿದವರು ಹೇಳಲಿ.

ನಿಮ್ಮ ಮೂರು ಕಡ್ಡಿಗಳು ಕೊಳೆಯಲು ಗೊಬ್ಬರವೇ ಮುಖ್ಯ ಕಾರಣ ಎಂದು ನನಗೆ ಅನಿಸುತ್ತದೆ. ಬೇರಿಲ್ಲದ ಕಡ್ಡಿ ಎಂದರೆ ತೆರೆದ ಗಾಯ. ಅದಕ್ಕೆ ಆಹಾರ ಬೇಡ. ತೇವ ಮತ್ತು ಗಾಳಿ ಎರಡೂ ಇರುವ, ಆದಷ್ಟು ಶುಚಿಯಾದ ಜಾಗ ಬೇಕು. ಕೊಟ್ಟಿಗೆ ಗೊಬ್ಬರವು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ಜೊತೆಗೆ ಕೊಳೆಸುವ ಶಿಲೀಂಧ್ರಗಳನ್ನೂ ಸಾಕುತ್ತದೆ. ಹೂ ಇದ್ದ ಕಡ್ಡಿಯಂತೂ ತನ್ನಲ್ಲಿದ್ದ ಅಷ್ಟಿಷ್ಟು ಶಕ್ತಿಯನ್ನು ಹೂವಿಗೇ ಸುರಿದು ಸೋತಿರುತ್ತದೆ. ಆದ್ದರಿಂದ ಕಡ್ಡಿ ತೆಗೆಯುವಾಗ ಈ ವರ್ಷ ಹೂ ಬಿಡದ ಚಿಗುರನ್ನೇ ಹುಡುಕಬೇಕು. ಬುಡದಿಂದ ಬಂದ, ಹಸಿರು ಇನ್ನೂ ಮಾಸದ, ಆದರೆ ಬಾಗಿಸಿದರೆ ಸ್ವಲ್ಪ ಬಿಗಿ ತೋರುವ ಗೆಲ್ಲು ಒಳ್ಳೆಯದು. ತೀರಾ ಎಳೆಯದು ಕೊಳೆಯುತ್ತದೆ. ಕಂದು ತೊಗಟೆ ಬಂದದ್ದು ಬೇರು ಬಿಡಲು ತಿಂಗಳುಗಟ್ಟಲೆ ತೆಗೆದುಕೊಳ್ಳುತ್ತದೆ.

ನಾನು ಬೆಳಗಿನ ಹೊತ್ತು, ಎಲೆಯಲ್ಲಿ ನೀರು ತುಂಬಿರುವಾಗಲೇ, ಒಂದು ಗೇಣಿಗಿಂತ ಸ್ವಲ್ಪ ಕಡಿಮೆ ಉದ್ದದ ತುದಿಗಳನ್ನು ಕೊಯ್ಯುತ್ತೇನೆ. ಹೈಡ್ರೇಂಜಿಯದಲ್ಲಿ ಎಲೆಗಳು ಜೋಡಿಜೋಡಿಯಾಗಿ ಎದುರುಬದುರು ಬರುತ್ತವೆ. ಆ ಜೋಡಿ ಹುಟ್ಟುವ ಗೆಣ್ಣಿನ ಕೆಳಗೆ, ಕಾಲು ಅಂಗುಲದಷ್ಟು ಬಿಟ್ಟು, ಹರಿತವಾದ ಬ್ಲೇಡಿನಿಂದ ಒಂದೇ ಎಳೆತಕ್ಕೆ ಕತ್ತರಿಸಬೇಕು. ನೀವು ಮುರಿದು ತಂದೆ ಎಂದಿದ್ದೀರಿ. ಮುರಿದರೆ ನಾರು ಸೀಳಿ ಜಜ್ಜಿದಂತಾಗುತ್ತದೆ, ಕೊಳೆಯು ಅಲ್ಲಿಂದಲೇ ಶುರುವಾಗುತ್ತದೆ. ಕೆಳಗಿನ ಎರಡು ಗೆಣ್ಣುಗಳ ಎಲೆಗಳನ್ನು ತೆಗೆದು, ಮೇಲಿನ ಒಂದು ಜೋಡಿಯನ್ನು ಉಳಿಸಿ, ಅದರಲ್ಲಿಯೂ ಪ್ರತಿ ಎಲೆಯನ್ನು ಅಡ್ಡಲಾಗಿ ಅರ್ಧಕ್ಕೆ ಕತ್ತರಿಸುತ್ತೇನೆ. ಇಷ್ಟಗಲದ ಎಲೆಯಿಂದ ಆವಿಯಾಗುವ ನೀರನ್ನು ಬೇರಿಲ್ಲದ ಕಡ್ಡಿ ಎಲ್ಲಿಂದ ಭರ್ತಿ ಮಾಡಬೇಕು? ಗೊಬ್ಬರದ ಅಂಗಡಿಯಲ್ಲಿ ಸಿಗುವ ರೂಟಿಂಗ್ ಹಾರ್ಮೋನ್ ಪುಡಿಯಲ್ಲಿ ಬುಡವನ್ನು ಅದ್ದಿ ಕೊಡವಿದರೆ ಬೇರು ಬೇಗ ಮತ್ತು ಸುತ್ತಲೂ ಬರುತ್ತದೆ, ಆದರೆ ಅದಿಲ್ಲದೆಯೂ ಈ ಗಿಡ ಬೇರು ಬಿಡುತ್ತದೆ.

ಊರಲು ಹೊಳೆಯ ಮರಳು ಅರ್ಧ, ಚೆನ್ನಾಗಿ ತೊಳೆದು ಹಿಂಡಿದ ತೆಂಗಿನ ನಾರಿನ ಪುಡಿ ಅರ್ಧ ಸಾಕು. ನಾರಿನ ಪುಡಿಯನ್ನು ತೊಳೆಯದೆ ಬಳಸಬೇಡಿ, ಅದರಲ್ಲಿ ಉಪ್ಪಿನ ಅಂಶ ಇರುತ್ತದೆ. ಊರಿದ ಮೇಲೆ ಒಂದು ಸಲ ನೀರು ಕೊಟ್ಟು, ಕುಂಡದ ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಚೀಲವನ್ನು ಎಲೆಗೆ ತಾಗದಂತೆ ಕವುಚಿ, ಬೆಳಕಿರುವ ಆದರೆ ನೇರ ಬಿಸಿಲು ಬೀಳದ ಜಾಗದಲ್ಲಿ ಇಡಬೇಕು. ಎರಡು ದಿನಕ್ಕೊಮ್ಮೆ ಚೀಲವನ್ನು ತೆಗೆದು ಸ್ವಲ್ಪ ಗಾಳಿಯಾಡಿಸಿ. ಮೂರು ನಾಲ್ಕು ವಾರಗಳಾದ ಮೇಲೆ ಕಡ್ಡಿಯನ್ನು ಎರಡು ಬೆರಳಿನಲ್ಲಿ ಹಿಡಿದು ಮೆಲ್ಲಗೆ ಎಳೆದರೆ ಅದು ಒಳಗಿನಿಂದ ಹಿಡಿದುಕೊಂಡಂತೆ ತೋರುತ್ತದೆ. ಆ ಹಿಡಿತವೇ ಬೇರು ಬಂದ ಗುರುತು.

ಇನ್ನು ನಿಮ್ಮ ಲೋಟದ ಕಡ್ಡಿಗಳು. ನೀರಿನಲ್ಲಿ ಬಂದ ಬೇರು ಗಾಜಿನ ಎಳೆಯಂತೆ ಸುಲಭವಾಗಿ ಮುರಿಯುತ್ತದೆ, ಮಣ್ಣಿನ ಒತ್ತಡ ಅದಕ್ಕೆ ಹೊಸದು. ಬೆರಳುದ್ದ ಬರುವವರೆಗೆ ಕಾಯಬೇಕಿರಲಿಲ್ಲ, ಒಂದು ಅಂಗುಲ ಇದ್ದಾಗಲೇ ವರ್ಗಾಯಿಸಿದ್ದರೆ ಇನ್ನೂ ಸುಲಭವಾಗುತ್ತಿತ್ತು. ಈಗ ಕುಂಡದಲ್ಲಿ ಗುಣಿ ಮಾಡಿ, ಕಡ್ಡಿಯನ್ನು ಒಂದು ಕೈಯಲ್ಲಿ ಹಿಡಿದಿಟ್ಟು, ಮರಳು ಮತ್ತು ನಾರಿನ ಪುಡಿಯ ಒಣ ಮಿಶ್ರಣವನ್ನು ಸುತ್ತಲೂ ಉದುರಿಸುತ್ತ ತುಂಬಿ. ಬೆರಳಿನಿಂದ ಒತ್ತಬೇಡಿ, ನಿಧಾನವಾಗಿ ಸುರಿದ ನೀರೇ ಪುಡಿಯನ್ನು ಬೇರಿನ ಸಂದಿಗೆ ಇಳಿಸುತ್ತದೆ. ಮೊದಲ ಎರಡು ವಾರ ಪ್ಲಾಸ್ಟಿಕ್ ಚೀಲದ ಹೊದಿಕೆ ಇರಲಿ, ಆಮೇಲೆ ದಿನಕ್ಕೆ ಒಂದೊಂದು ಗಂಟೆ ಹೆಚ್ಚಿಸುತ್ತ ತೆಗೆಯಿರಿ.

ಕೊನೆಯದಾಗಿ, ಹೈಡ್ರೇಂಜಿಯಕ್ಕೆ ಕಡ್ಡಿಗಿಂತ ಸುಲಭವಾದ ದಾರಿ ಇದೆ. ತಗ್ಗಿನಲ್ಲಿರುವ ಗೆಲ್ಲನ್ನು ನೆಲಕ್ಕೆ ಬಾಗಿಸಿ, ಮಣ್ಣಿಗೆ ತಾಗುವ ಗೆಣ್ಣಿನ ಅಡಿಭಾಗದಲ್ಲಿ ತೊಗಟೆಯನ್ನು ಸ್ವಲ್ಪ ಕೆರೆದು, ಮೂರು ಅಂಗುಲ ಮಣ್ಣು ಮುಚ್ಚಿ ಮೇಲೊಂದು ಕಲ್ಲಿಟ್ಟರೆ ಆಯಿತು. ತುದಿ ಮಾತ್ರ ಹೊರಗೆ ಇರಬೇಕು. ಬೇರು ಬರುವವರೆಗೂ ತಾಯಿಗಿಡವೇ ಅದನ್ನು ಸಾಕುವುದರಿಂದ ಒಣಗುವ ಭಯವಿಲ್ಲ. ನಮ್ಮ ಮಳೆಗಾಲದಲ್ಲಿ ಇದಕ್ಕೆ ಯಾರೂ ನೀರು ಹಾಕುವ ಅಗತ್ಯವೂ ಬರುವುದಿಲ್ಲ.

ಮಣ್ಣುಪಾಠ (ಶಿವಮೊಗ್ಗ):

ಬಣ್ಣದ ಪ್ರಶ್ನೆಗೆ ಉತ್ತರಿಸಲು ನನಗೆ ತುಂಬಾ ಸಂತೋಷ, ಏಕೆಂದರೆ ಮಣ್ಣಿನ ರಸಾಯನವನ್ನು ಹೂವಿನ ಮುಖದಲ್ಲಿ ಇಷ್ಟು ಸ್ಪಷ್ಟವಾಗಿ ತೋರಿಸುವ ಗಿಡ ನನಗೆ ಬೇರೆ ಗೊತ್ತಿಲ್ಲ. ನಿಮ್ಮ ದೊಡ್ಡಮ್ಮ ಹೇಳಿದ್ದು ಅಕ್ಷರಶಃ ನಿಜ. ಬೇಲಿಯ ಬದಿಯ ನೀಲಿ ಗಿಡದ ಕಡ್ಡಿಯೇ ಬಚ್ಚಲಿನ ಹಿಂದೆ ಗುಲಾಬಿ ಬಣ್ಣಕ್ಕೆ ತಿರುಗಿರಬಹುದು. ನನ್ನ ಊಹೆ ಇಷ್ಟು: ಬಚ್ಚಲೊಲೆಯ ಬೂದಿಯನ್ನು ವರ್ಷಗಳಿಂದ ಆ ಜಾಗಕ್ಕೇ ಚೆಲ್ಲುತ್ತ ಬಂದಿರಬೇಕು. ಬೂದಿ ಸುಣ್ಣದ ಹಾಗೆ ಕ್ಷಾರ ಗುಣದ್ದು. ಒಮ್ಮೆ ಅವರನ್ನು ಕೇಳಿ ನೋಡಿ.

ಹೈಡ್ರೇಂಜಿಯದಲ್ಲಿ ನಾವು ಹೂದಳ ಎಂದುಕೊಂಡಿರುವುದು ನಿಜವಾಗಿ ಪುಷ್ಪಪತ್ರ, ಅಂದರೆ ಸಾಮಾನ್ಯ ಹೂವಿನಲ್ಲಿ ಮೊಗ್ಗನ್ನು ಹೊರಗಿನಿಂದ ಮುಚ್ಚಿರುವ ಹಸಿರು ಭಾಗ. ಇಲ್ಲಿ ಅದು ಅಗಲವಾಗಿ ಬೆಳೆದು ಬಣ್ಣ ತಾಳುತ್ತದೆ, ಅಸಲು ಹೂ ಅದರ ನಡುವೆ ಸಾಸಿವೆ ಕಾಳಿನಷ್ಟು ಇರುತ್ತದೆ. ಆ ಪುಷ್ಪಪತ್ರದ ಕೋಶಗಳಲ್ಲಿ ಡೆಲ್ಫಿನಿಡಿನ್ ಜಾತಿಯ ಒಂದು ವರ್ಣಕವಿದೆ. ಗುಲಾಬಿ ಬಣ್ಣದ ಹೈಡ್ರೇಂಜಿಯದಲ್ಲೂ ನೀಲಿಯದರಲ್ಲೂ ಇರುವುದು ಅದೇ. ಅದಕ್ಕೆ ಅಲ್ಯೂಮಿನಿಯಂ ಸೇರಿದರೆ ನೀಲಿ, ಸೇರದಿದ್ದರೆ ಗುಲಾಬಿ, ಅರೆಬರೆ ಸೇರಿದರೆ ನೇರಳೆ. ಶಂಖಪುಷ್ಪದ ನೀಲಿ ಕಷಾಯಕ್ಕೆ ನಿಂಬೆರಸ ಹಿಂಡಿದರೆ ಅದು ನೇರಳೆಗೆ ತಿರುಗುವುದನ್ನು ನೀವು ನೋಡಿರಬಹುದು. ಅಲ್ಲಿ ಹುಳಿ ನೀಲಿಯನ್ನು ಕಳೆಯುತ್ತದೆ. ಹೈಡ್ರೇಂಜಿಯದಲ್ಲಿ ಹುಳಿಮಣ್ಣು ನೀಲಿಯನ್ನು ಕೊಡುತ್ತದೆ ಎಂದಾಗ ಅನೇಕರು ಗೊಂದಲಕ್ಕೆ ಬೀಳುವುದು ಇದರಿಂದಲೇ. ಇಲ್ಲಿ ಹುಳಿಯು ಹೂವಿನ ಮೇಲೆ ನೇರವಾಗಿ ಕೆಲಸ ಮಾಡುವುದಿಲ್ಲ. ಅದು ಮಣ್ಣಿನಲ್ಲಿ ಬಂಧಿಯಾಗಿರುವ ಅಲ್ಯೂಮಿನಿಯಂ ಅನ್ನು ಕರಗಿಸಿ ಬೇರಿಗೆ ಎಟುಕುವಂತೆ ಮಾಡುತ್ತದೆ, ಅಷ್ಟೇ.

ಮಣ್ಣಿನ ರಸಸಾರ, ಅಂದರೆ ಪಿಎಚ್ (ಈ ಅಂಕೆ ಇಳಿದಷ್ಟೂ ಹುಳಿ ಹೆಚ್ಚು), ಸುಮಾರು 5.5ಕ್ಕಿಂತ ಕೆಳಗಿದ್ದರೆ ಅಲ್ಯೂಮಿನಿಯಂ ಸಾಕಷ್ಟು ಕರಗುತ್ತದೆ, 6.5 ದಾಟಿದರೆ ಬಹುಮಟ್ಟಿಗೆ ಗಟ್ಟಿಯಾಗಿ ಕುಳಿತುಬಿಡುತ್ತದೆ. ಮಲೆನಾಡಿನಲ್ಲಿ ಮಳೆಗಾಲದುದ್ದಕ್ಕೂ ಸುರಿಯುವ ಮಳೆಯು ಸುಣ್ಣದಂಥ ಅಂಶಗಳನ್ನು ತೊಳೆದು ಒಯ್ದು, ಕೆಂಪು ಜಂಬಿಟ್ಟಿಗೆ ಮಣ್ಣನ್ನು ಹುಳಿಯಾಗಿ ಬಿಟ್ಟಿದೆ. ಕಾಫಿ ಬೆಳೆಗಾರರು ತೋಟಕ್ಕೆ ಸುಣ್ಣ ಹಾಕುವುದು ಇದೇ ಹುಳಿಯನ್ನು ತಗ್ಗಿಸಲು. ಅವರಿಗೆ ತೊಂದರೆ ಕೊಡುವ ಆ ಗುಣವೇ ಅಂಗಳದ ಅಂಚಿನಲ್ಲಿ ನವಿಲುನೀಲಿಯಾಗಿ ಅರಳುತ್ತಿದೆ.

ಬೆಂಗಳೂರಿನ ಕುಂಡಕ್ಕೆ ಬಂದಾಗ ಒಂದು ಸೂಕ್ಷ್ಮವನ್ನು ಗಮನಿಸಬೇಕು, ಇದನ್ನು ಬಹಳ ಜನ ತಪ್ಪುತ್ತಾರೆ. ತೆಂಗಿನ ನಾರಿನ ಪುಡಿ ಸ್ವಲ್ಪ ಹುಳಿ ಗುಣದ್ದೇ ಆಗಿರುವುದರಿಂದ ಬರೀ ಅದರಲ್ಲಿ ಬೆಳೆಸಿದರೆ ನೀಲಿ ಬರುತ್ತದೆ ಎಂದು ನಂಬುತ್ತಾರೆ. ಆದರೆ ನಾರಿನ ಪುಡಿಯಲ್ಲಿ ಕರಗಿಸಲು ಅಲ್ಯೂಮಿನಿಯಂ ಇರುವ ಜೇಡಿಯೇ ಇಲ್ಲ. ಹುಳಿ ಇದ್ದರೂ ಹೂ ಗುಲಾಬಿಯಾಗಿಯೇ ಉಳಿಯುತ್ತದೆ. ಆದ್ದರಿಂದ ಬೇರು ಗಟ್ಟಿಯಾದ ಮೇಲೆ ದೊಡ್ಡ ಕುಂಡಕ್ಕೆ ಹಾಕುವಾಗ ಮೂರನೆಯ ಒಂದು ಭಾಗ ಕೆಂಪು ಮಣ್ಣು ಇರಲಿ. ಸಾಧ್ಯವಾದರೆ ದೊಡ್ಡಮ್ಮನ ಬೇಲಿಯ ಬುಡದ ಮಣ್ಣನ್ನೇ ಒಂದು ಚೀಲ ತನ್ನಿ.

ಅದರ ಮೇಲೆ ಅಲ್ಯೂಮಿನಿಯಂ ಸಲ್ಫೇಟ್ ಕೊಡಬಹುದು. ಅದು ಸಿಗದಿದ್ದರೆ ಕ್ಷೌರದಂಗಡಿಯಲ್ಲಿ ಗಲ್ಲಕ್ಕೆ ಉಜ್ಜುವ ಪಟಿಕವೂ ಅಲ್ಯೂಮಿನಿಯಂ ಲವಣವೇ, ಗ್ರಂಥಿಗೆ ಅಂಗಡಿಯಲ್ಲಿ ಸಿಗುತ್ತದೆ. ಲೀಟರ್ ನೀರಿಗೆ 3 ಗ್ರಾಂನಷ್ಟು ಪುಡಿಯನ್ನು ಕರಗಿಸಿ, ಮೊದಲೇ ಸಾದಾ ನೀರಿನಿಂದ ತೇವ ಮಾಡಿದ ಮಣ್ಣಿಗೆ ತಿಂಗಳಿಗೊಮ್ಮೆ ಹಾಕಿದರೆ ಸಾಕು. ಒಣಮಣ್ಣಿಗೆ ಹಾಕಿದರೆ ಅಥವಾ ಆಸೆಗೆ ಪ್ರಮಾಣ ಹೆಚ್ಚಿಸಿದರೆ ಬೇರು ಸುಡುತ್ತದೆ. ನಿಮ್ಮ ಪುಟ್ಟ ಗಿಡಗಳಿಗೆ ಮೊದಲ ವರ್ಷ ಇದನ್ನು ಕೊಡಲೇಬೇಡಿ. ರಂಜಕ ಹೆಚ್ಚಿರುವ ಗೊಬ್ಬರಗಳು, ಅವುಗಳಲ್ಲಿ ಎಲುಬಿನ ಪುಡಿಯೂ ಸೇರಿ, ಅಲ್ಯೂಮಿನಿಯಂ ಅನ್ನು ಕಟ್ಟಿಹಾಕುತ್ತವೆ. ನೀಲಿ ಬೇಕಾದವರು ಅವುಗಳಿಂದ ದೂರವಿರಬೇಕು. ತುಕ್ಕು ಹಿಡಿದ ಮೊಳೆಗಳನ್ನು ಹೂಳುವ ಸಲಹೆ ಎಲ್ಲೆಡೆ ಹರಿದಾಡುತ್ತಿದೆ. ಮೊಳೆಯಲ್ಲಿ ಇರುವುದು ಕಬ್ಬಿಣ, ಅದರಿಂದ ಈ ಕೆಲಸ ಆಗುವುದಿಲ್ಲ.

ನಿಮಗೆ ನಿಜವಾದ ಎದುರಾಳಿ ಎಂದರೆ ಕೊಳವೆಬಾವಿಯ ನೀರು. ಪಾತ್ರೆಯ ತಳದಲ್ಲಿ ಕಟ್ಟುವ ಆ ಬಿಳಿಯ ಪದರ ಸುಣ್ಣದ್ದು. ಪ್ರತಿದಿನ ಅದನ್ನು ಕುಂಡಕ್ಕೂ ಉಣಿಸುತ್ತಿದ್ದೀರಿ. ಕೆಲವು ತಿಂಗಳುಗಳಲ್ಲಿ ಎಲೆಯ ನರಗಳು ಹಸಿರಾಗಿಯೇ ಉಳಿದು ನಡುವಿನ ಭಾಗ ಹಳದಿಯಾಗತೊಡಗಿದರೆ, ಕಬ್ಬಿಣ ಮಣ್ಣಿನಲ್ಲಿದ್ದೂ ಗಿಡಕ್ಕೆ ಸಿಗುತ್ತಿಲ್ಲ ಎಂದು ಅರ್ಥ. ಮಹಡಿಯ ಮೇಲೆ ಮಳೆಯ ನೀರನ್ನು ಡ್ರಮ್ಮಿನಲ್ಲಿ ಹಿಡಿದಿಟ್ಟು ಈ ಗಿಡಗಳಿಗೆ ಮೀಸಲಿಡಿ. ಎರಡು ಕುಂಡಗಳಿಗೆ ಅದು ಬಹಳ ದಿನ ಬರುತ್ತದೆ. ಪಿಎಚ್ ಕಾಗದ ತಂದು ನೀವೇ ನೋಡಬಹುದು, ಇಲ್ಲವೇ ಕೃಷಿ ವಿಜ್ಞಾನ ಕೇಂದ್ರದಲ್ಲಿ ಮಣ್ಣು ಪರೀಕ್ಷೆ ಮಾಡಿಸಬಹುದು.

ಒಂದು ಮಾತನ್ನು ಮರೆಯಬಾರದು. ಅರಳಿದ ಹೂವಿನ ಬಣ್ಣ ಬದಲಾಗುವುದಿಲ್ಲ. ಮೊಗ್ಗು ಬಲಿಯುವ ತಿಂಗಳುಗಳಲ್ಲಿಯೇ ಅಲ್ಯೂಮಿನಿಯಂ ಒಳಗೆ ಸೇರಿರಬೇಕು. ಬಿಳಿಯ ತಳಿಗಳಲ್ಲಿ ಆ ವರ್ಣಕವೇ ಇಲ್ಲವಾದ್ದರಿಂದ ಏನು ಹಾಕಿದರೂ ನೀಲಿಯಾಗುವುದಿಲ್ಲ.

ಕಿಟಕಿಹಸಿರು (ಬೆಂಗಳೂರು):

ಮೂರನೆಯ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ, ಏಕೆಂದರೆ ಅದೇ ತಪ್ಪನ್ನು ನಾಲ್ಕು ವರ್ಷ ಮಾಡಿದವಳು ನಾನು. ನೀವು ಪ್ರತಿವರ್ಷ ಸಂಕ್ರಾಂತಿಗೆ ಕತ್ತರಿಸುತ್ತಿರುವುದು ಕೊಂಬೆಗಳನ್ನಲ್ಲ, ಮುಂದಿನ ಹೂಗಳನ್ನು.

ಗುಲಾಬಿ ಹೊಸ ಚಿಗುರಿನ ತುದಿಯಲ್ಲಿ ಹೂ ಬಿಡುತ್ತದೆ, ಆದ್ದರಿಂದ ಸವರಿದಷ್ಟೂ ಹೂ. ದೊಡ್ಡೆಲೆಯ ಈ ಹೈಡ್ರೇಂಜಿಯದ ಕ್ರಮವೇ ಬೇರೆ. ಮಳೆಗಾಲದಲ್ಲಿ ಬೆಳೆದ ಗೆಲ್ಲಿನ ತುದಿಯಲ್ಲಿ, ಹಗಲು ಚಿಕ್ಕದಾಗಿ ರಾತ್ರಿ ತಂಪಾಗುವ ದಿನಗಳಲ್ಲಿ, ಮುಂದಿನ ಬೇಸಿಗೆಯ ಹೂಮೊಗ್ಗು ಒಳಗೊಳಗೇ ರೂಪುಗೊಳ್ಳುತ್ತದೆ. ಹೊರಗಿನಿಂದ ನೋಡಿದರೆ ದಪ್ಪನೆಯ ಮೊಳಕೆಯಂತೆ ಮಾತ್ರ ಕಾಣುತ್ತದೆ. ಡಿಸೆಂಬರಿನಲ್ಲಿ ನನ್ನ ಗಿಡದ ಅಂಥ ಒಂದು ತುದಿ ಆಕಸ್ಮಿಕವಾಗಿ ಮುರಿದಾಗ ಅದನ್ನು ಉಗುರಿನಿಂದ ಬಿಡಿಸಿ ನೋಡಿದೆ. ಎರಡು ಪದರ ಎಳೆಯ ಎಲೆಗಳ ಒಳಗೆ ಗಸಗಸೆಯಂಥ ಹಸಿರು ಕಾಳುಗಳ ಒಂದು ಪುಟ್ಟ ಗೊಂಚಲು ಆಗಲೇ ಸಿದ್ಧವಾಗಿ ಕುಳಿತಿತ್ತು. ಅದುವರೆಗೆ ಎಷ್ಟು ಗೊಂಚಲುಗಳನ್ನು ಕತ್ತರಿಸಿ ಕಸಕ್ಕೆ ಹಾಕಿದ್ದೇನೆ ಎಂದು ಆ ದಿನ ನನಗೆ ತಿಳಿಯಿತು.

ಆದ್ದರಿಂದ ಸವರುವ ಕೆಲಸವಿದ್ದರೆ ಹೂ ಮುಗಿದ ಕೂಡಲೇ, ಹೆಚ್ಚೆಂದರೆ ಆಗಸ್ಟ್ ಕೊನೆಯೊಳಗೆ, ಮುಗಿಸಬೇಕು. ಹೂ ಬಿಟ್ಟ ಗೆಲ್ಲನ್ನು ಒಣಗಿದ ಗೊಂಚಲಿನ ಕೆಳಗೆ ದಪ್ಪನೆಯ ಮೊಳಕೆಯ ಜೋಡಿ ಇರುವಲ್ಲಿಗೆ ಕತ್ತರಿಸಿ, ಆ ಮೇಲೆ ಮುಂದಿನ ಹೂ ಬರುವವರೆಗೆ ಕತ್ತರಿಯನ್ನು ಒಳಗಿಡಿ.

ಎರಡನೆಯ ಕಾರಣ ಚಳಿ. ಈ ಜಾತಿಯ ಮೂಲ ಜಪಾನ್. ಹೂಮೊಗ್ಗು ಸರಿಯಾಗಿ ರೂಪುಗೊಳ್ಳಲು ಆರೇಳು ವಾರಗಳ ಕಾಲ ಸುಮಾರು 18 ಡಿಗ್ರಿಗಿಂತ ಕೆಳಗಿನ ತಂಪು ಬೇಕಾಗುತ್ತದೆ. 2,200 ಮೀಟರಿಗೂ ಎತ್ತರದ ಊಟಿಯಲ್ಲಿ ಅದು ರಸ್ತೆಬದಿಯಲ್ಲಿಯೂ ಅರಳುತ್ತದೆ, 1,150 ಮೀಟರಿನ ಆಸುಪಾಸಿನ ಮಡಿಕೇರಿಯಲ್ಲಿ ಸಲೀಸಾಗಿ ಬರುತ್ತದೆ. ಸುಮಾರು 920 ಮೀಟರಿನ ಬೆಂಗಳೂರು ಗಡಿರೇಖೆಯ ಮೇಲಿದೆ. ನಮ್ಮ ಡಿಸೆಂಬರ್, ಜನವರಿಯ ರಾತ್ರಿಗಳು ಅಷ್ಟು ತಂಪನ್ನು ಕೊಡುತ್ತವೆ, ಆದರೆ ಗಿಡ ಆ ತಂಪಿನಲ್ಲಿ ನಿಂತಿರಬೇಕು. ಹಗಲೆಲ್ಲ ಬಿಸಿಲು ಕುಡಿದು ರಾತ್ರಿಯಿಡೀ ಶಾಖ ಉಗುಳುವ ಕಾಂಕ್ರೀಟ್ ಗೋಡೆಗೆ ಒರಗಿಸಿದ ಕುಂಡಕ್ಕೆ ಚಳಿಗಾಲ ಬರುವುದೇ ಇಲ್ಲ. ನಾನು ನವೆಂಬರ್ ಮೊದಲ ವಾರದಲ್ಲಿ ಕುಂಡವನ್ನು ಮಹಡಿಯ ತೆರೆದ ಮೂಲೆಗೆ, ಇಬ್ಬನಿ ಬೀಳುವಲ್ಲಿಗೆ, ಮರದ ಹಲಗೆಯ ಮೇಲೆ ಇರಿಸಿ ಫೆಬ್ರವರಿಯವರೆಗೆ ಅಲ್ಲಿಯೇ ಬಿಡುತ್ತೇನೆ. ಕಳೆದ ವರ್ಷ ಏಪ್ರಿಲಿನಲ್ಲಿ ಮೂರು ಗೊಂಚಲು ಬಂದವು. ಮಲೆನಾಡಿನ ಲೆಕ್ಕದಲ್ಲಿ ಅದು ಏನೂ ಅಲ್ಲ, ನನಗೆ ಅದು ದೊಡ್ಡ ಹಬ್ಬವಾಗಿತ್ತು.

ನರ್ಸರಿಗಳಲ್ಲಿ ಹೂ ತುಂಬಿ ನಿಂತಿರುವ ಗಿಡಗಳು ಬಹುಪಾಲು ತಂಪಿನ ಊರುಗಳಲ್ಲಿ ಮೊಗ್ಗು ಕಟ್ಟಿಕೊಂಡು ಬಂದವು. ಅವು ತಂದ ಹೂ ಮುಗಿದ ಮೇಲೆ ಮುಂದಿನ ಮೊಗ್ಗನ್ನು ನಮ್ಮ ಮಹಡಿಯಲ್ಲಿಯೇ ಕಟ್ಟಬೇಕಾಗುತ್ತದೆ, ತೊಡಕು ಅಲ್ಲಿ ಶುರುವಾಗುತ್ತದೆ. ಹಳೆಯ ಗೆಲ್ಲಿನಲ್ಲೂ ಹೊಸ ಚಿಗುರಿನಲ್ಲೂ ಹೂ ಬಿಡುವ ತಳಿಗಳು ಈಗ ಇವೆ. 2004ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದ 'ಎಂಡ್‌ಲೆಸ್ ಸಮ್ಮರ್' ಅವುಗಳಲ್ಲಿ ಹೆಸರಾದದ್ದು. ಹೊಸದಾಗಿ ಕೊಳ್ಳುವುದಾದರೆ ಅಂಥ ತಳಿಯನ್ನು ವಿಚಾರಿಸಿ.

ನೀರಿನ ಬಗ್ಗೆಯೂ ಒಂದು ಎಚ್ಚರಿಕೆ. ಬೇಸಿಗೆಯ ಮಧ್ಯಾಹ್ನ ಇದರ ಎಲೆಗಳು ಒದ್ದೆ ಬಟ್ಟೆಯಂತೆ ಜೋತುಬೀಳುತ್ತವೆ. ಅದನ್ನು ನೋಡಿ ಗಾಬರಿಯಿಂದ ನೀರು ಸುರಿಯುವವರೇ ಹೆಚ್ಚು. ಮೊದಲು ಬೆರಳನ್ನು ಮಣ್ಣಿನೊಳಗೆ ಎರಡು ಅಂಗುಲ ಇಳಿಸಿ ನೋಡಿ. ತೇವವಿದ್ದರೆ ಸುಮ್ಮನಿರಿ, ಸಂಜೆಗೆ ತಾನೇ ತಲೆಯೆತ್ತುತ್ತದೆ. ಬೆಳಿಗ್ಗೆಯೂ ಬಾಡಿಯೇ ಇದ್ದರೆ ಮಾತ್ರ ನೀರು ಸಾಲದು ಎಂದು ತಿಳಿಯಿರಿ. ಬೆಳಗಿನ ಎರಡು ಮೂರು ಗಂಟೆಯ ಬಿಸಿಲು, ಆಮೇಲೆ ನೆರಳು ಇರುವ ಪೂರ್ವದ ಕಡೆಯೇ ಇದಕ್ಕೆ ಸರಿಯಾದ ಜಾಗ.

ದೂರದೂರು (ಇಂಗ್ಲೆಂಡ್):

ಮೇಲಿನ ಉತ್ತರಕ್ಕೆ ಒಂದು ಮಾತನ್ನು ಸೇರಿಸುವುದು ಅಗತ್ಯ ಎನಿಸಿತು, ಏಕೆಂದರೆ ಯೂಟ್ಯೂಬಿನ ವಿಡಿಯೊಗಳನ್ನು ನೋಡಿ ಬೆಂಗಳೂರಿನ ನನ್ನ ತಂಗಿಯೂ ಗೊಂದಲಕ್ಕೆ ಬಿದ್ದಿದ್ದಳು. ನಾನು ಹದಿನಾಲ್ಕು ವರ್ಷಗಳಿಂದ ಇಲ್ಲಿದ್ದೇನೆ, ನಮ್ಮ ಬೀದಿಯಲ್ಲಿ ಹೈಡ್ರೇಂಜಿಯ ಇಲ್ಲದ ಮನೆ ಅಪರೂಪ. ಇಲ್ಲಿ ಒಣಗಿದ ಹೂಗೊಂಚಲನ್ನು ಚಳಿಗಾಲವಿಡೀ ಗಿಡದ ಮೇಲೆಯೇ ಬಿಟ್ಟು, ವಸಂತ ಕಾಲ ಬಂದ ಮೇಲೆ ತೆಗೆಯಿರಿ ಎನ್ನುತ್ತಾರೆ. ಆ ಒಣಗೊಂಚಲು ಕೆಳಗಿನ ಮೊಳಕೆಗಳನ್ನು ಹಿಮದ ಕೊರೆತದಿಂದ ಕಾಯುವ ಕೊಡೆಯಾಗಿರುತ್ತದೆ. ಹಿಮ ಬೀಳದ ನಮ್ಮೂರಿನಲ್ಲಿ ಆ ಕೊಡೆ ಬೇಕಿಲ್ಲ. ಒಣಹೂ ಮಳೆಯಲ್ಲಿ ನೆನೆದು ಬೂಷ್ಟು ಹಿಡಿಯುತ್ತದೆ, ಅಷ್ಟೇ. ಸಲಹೆ ತಪ್ಪಲ್ಲ, ಅದು ಹುಟ್ಟಿದ ನೆಲ ಬೇರೆ.

ಇದೇ ರೀತಿ, ವಸಂತದಲ್ಲಿ ಬುಡದವರೆಗೆ ಕತ್ತರಿಸಿ ಎಂದು ತೋರಿಸುವ ವಿಡಿಯೊಗಳೂ ಇವೆ. ಅವು ಪ್ಯಾನಿಕ್ಯುಲೇಟ ಮತ್ತು ಆರ್ಬೊರೆಸೆನ್ಸ್ ಎಂಬ ಬೇರೆ ಜಾತಿಗಳಿಗೆ ಸಂಬಂಧಿಸಿದವು. ಅವು ಹೊಸ ಚಿಗುರಿನಲ್ಲಿ ಹೂ ಬಿಡುತ್ತವೆ, ಗೊಂಚಲು ಹೆಚ್ಚಾಗಿ ಬಿಳಿ. ಮಲೆನಾಡಿನ ಅಂಗಳದ ನೀಲಿ ಗಿಡ ಮ್ಯಾಕ್ರೊಫಿಲ್ಲ, ಅಂದರೆ ಮೇಲೆ ಹೇಳಿದ ದೊಡ್ಡೆಲೆಯ ಜಾತಿ. ವಿಡಿಯೊದಲ್ಲಿ ಯಾವ ಜಾತಿಯ ಹೆಸರು ಹೇಳುತ್ತಿದ್ದಾರೆ ಎಂಬುದನ್ನು ಮೊದಲು ಕೇಳಿಸಿಕೊಳ್ಳಿ.

ಮಹಡಿತೋಟ (ಬೆಂಗಳೂರು):

ಇಷ್ಟು ವಿವರವಾಗಿ ಬರೆದ ನಿಮ್ಮೆಲ್ಲರಿಗೂ ಹೃತ್ಪೂರ್ವಕ ವಂದನೆಗಳು. ದೊಡ್ಡಮ್ಮನಿಗೆ ಫೋನ್ ಮಾಡಿ ಕೇಳಿದೆ. ಬಚ್ಚಲೊಲೆಯ ಬೂದಿಯನ್ನು ಮೂವತ್ತು ವರ್ಷಗಳಿಂದ ಆ ಗಿಡದ ಬುಡಕ್ಕೇ ಹಾಕುತ್ತಿದ್ದಾರಂತೆ! "ಬೂದಿ ಹಾಕಿದರೆ ಹುಳ ಬರುವುದಿಲ್ಲ ಅಂತ ಹಾಕಿದ್ದು, ಬಣ್ಣ ಹೋಗುತ್ತದೆ ಅಂತ ಯಾರಿಗೆ ಗೊತ್ತಿತ್ತು" ಎಂದರು.

ಎರಡು ಕಡ್ಡಿಗಳನ್ನು ಹೇಳಿದ ರೀತಿಯಲ್ಲಿಯೇ ಕುಂಡಕ್ಕೆ ಹಾಕಿ ಹದಿನೈದು ದಿನಗಳಾದವು. ಒಂದರ ತುದಿಯಲ್ಲಿ ಹೊಸ ಎಲೆ ಜೋಡಿ ಬಿಚ್ಚಿಕೊಂಡಿದೆ. ಇನ್ನೊಂದರ ಎರಡು ಬೇರುಗಳು ನನ್ನ ಕೈಯಲ್ಲಿಯೇ ಮುರಿದವು. ಅದು ಬಾಡಿದೆ, ಆದರೆ ಕಾಂಡ ಇನ್ನೂ ಹಸಿರಾಗಿದೆ. ಹಳೆಯ ಗಿಡ ಈಗ ಎದೆಯೆತ್ತರಕ್ಕೆ ಬೆಳೆದಿದೆ. ಆಗಸ್ಟ್ ಮುಗಿಯಲು ಇನ್ನೂ ಒಂದು ವಾರವಿದೆ, ಈಗ ಅದನ್ನು ಸವರಬಹುದೇ? ಮನೆಯಲ್ಲಿ ನಾಯಿಯೊಂದಿದೆ, ಅದು ಕುಂಡದ ಎಲೆಗಳನ್ನು ಕಚ್ಚುತ್ತದೆ. ತೊಂದರೆಯಿದೆಯೇ?

ಕಿಟಕಿಹಸಿರು (ಬೆಂಗಳೂರು):

ಈ ವರ್ಷ ಸವರಲೇಬೇಡಿ. ಹೂ ಬಿಡದ ಗೆಲ್ಲುಗಳೇ ಅವು, ಮುಂದಿನ ಮೊಗ್ಗು ಅವುಗಳ ತುದಿಯಲ್ಲಿಯೇ ಬರಬೇಕು. ಸತ್ತು ಒಣಗಿದ ಕಡ್ಡಿಗಳನ್ನು, ತೀರಾ ಸಣಕಲಾಗಿ ಒಳಗೆ ಹೆಣೆದುಕೊಂಡವುಗಳನ್ನು ಬುಡದಿಂದ ತೆಗೆದುಹಾಕಿ. ಎತ್ತರ ಹೆಚ್ಚಾಯಿತು ಎನಿಸಿದರೂ ಈ ಒಂದು ಚಳಿಗಾಲ ತಡೆದುಕೊಳ್ಳಿ. ಸೆಪ್ಟೆಂಬರ್ ಮುಗಿದ ಮೇಲೆ ಸಾರಜನಕದ ಗೊಬ್ಬರವನ್ನೂ ನಿಲ್ಲಿಸಿ, ಇಲ್ಲದಿದ್ದರೆ ಗಿಡ ಎಲೆಯ ಮೇಲೆ ಎಲೆ ಬಿಡುತ್ತ ಹೋಗುತ್ತದೆ.

ಹಿತ್ತಲಬಾಗಿಲು (ಮೂಡಿಗೆರೆ ಕಡೆ):

ನಾಯಿಯನ್ನು ಖಂಡಿತವಾಗಿ ದೂರವಿಡಿ. ಹೈಡ್ರೇಂಜಿಯದ ಎಲೆ, ಮೊಗ್ಗುಗಳಲ್ಲಿ ಸಯನೈಡ್ ಬಿಡುಗಡೆ ಮಾಡುವ ಅಂಶವಿದೆ. ತಿಂದರೆ ನಾಯಿ, ಬೆಕ್ಕುಗಳಿಗೆ ವಾಂತಿ ಭೇದಿಯಾಗುತ್ತದೆ. ದನಕರುಗಳಿಗೂ ಅದು ಒಳ್ಳೆಯದಲ್ಲ. ಆದ್ದರಿಂದ ಸವರಿದ ಸೊಪ್ಪನ್ನು ನಾವು ಕೊಟ್ಟಿಗೆಯ ಕಡೆಗೆ ಒಯ್ಯುವುದೇ ಇಲ್ಲ, ನೇರವಾಗಿ ಗೊಬ್ಬರದ ಗುಂಡಿಗೆ ಹಾಕುತ್ತೇವೆ. ಕುಂಡವನ್ನು ನಾಯಿಗೆ ಎಟುಕದ ಎತ್ತರದಲ್ಲಿ ಇಟ್ಟುಬಿಡಿ, ಎಲೆ ತಿಂದದ್ದು ಕಂಡರೆ ಪಶುವೈದ್ಯರಿಗೆ ತೋರಿಸಿ.

ಬಾಡಿದ ಕಡ್ಡಿಯನ್ನು ಕೀಳಬೇಡಿ. ಕಾಂಡ ಹಸಿರಾಗಿರುವವರೆಗೆ ಜೀವವಿದೆ. ಇರುವ ಎಲೆಗಳನ್ನು ಇನ್ನಷ್ಟು ಕತ್ತರಿಸಿ ಸಣ್ಣದು ಮಾಡಿ, ಪ್ಲಾಸ್ಟಿಕ್ ಹೊದಿಕೆಯನ್ನು ಮತ್ತೆ ಹಾಕಿ, ನೀರನ್ನು ಮಾತ್ರ ಹೆಚ್ಚಿಸಬೇಡಿ.

ಅದು ಉಳಿಯದಿದ್ದರೂ ಚಿಂತೆಯಿಲ್ಲದಂತೆ ಇಂದೇ ದೊಡ್ಡಮ್ಮನವರಿಗೆ ಇನ್ನೊಮ್ಮೆ ಫೋನ್ ಮಾಡಿ. ಬೇಲಿಯ ಬದಿಯ ನೀಲಿ ಗಿಡದಲ್ಲಿ ನೆಲಕ್ಕೆ ಹತ್ತಿರವಿರುವ ಗೆಲ್ಲೊಂದನ್ನು ಬಾಗಿಸಿ, ಗೆಣ್ಣಿನ ಅಡಿಯಲ್ಲಿ ತೊಗಟೆ ಕೆರೆದು, ಮಣ್ಣು ಮುಚ್ಚಿ ಕಲ್ಲಿಡಲು ಹೇಳಿ. ನಮ್ಮ ಕಡೆ ಮಳೆ ಇನ್ನೂ ಒಂದು ತಿಂಗಳಿಗೂ ಹೆಚ್ಚು ಇರುತ್ತದೆ. ದೀಪಾವಳಿಗೆ ನೀವು ಹೋಗುವ ಹೊತ್ತಿಗೆ ಬೇರು ಬಂದಿರುತ್ತದೆ. ತಾಯಿಗಿಡದ ಕಡೆಯ ಗೆಲ್ಲನ್ನು ಕತ್ತರಿಸಿ, ಬುಡದ ಮಣ್ಣಿನ ಹೆಂಟೆ ಒಡೆಯದಂತೆ ಅಗೆದು ಗೋಣಿತಾಟಿನಲ್ಲಿ ಕಟ್ಟಿಕೊಂಡು ಬನ್ನಿ. ಮಣ್ಣುಪಾಠದವರು ಹೇಳಿದ ಒಂದು ಚೀಲ ಮಣ್ಣನ್ನೂ ಆಗಲೇ ತುಂಬಿಕೊಳ್ಳಿ, ಬಚ್ಚಲಿನ ಕಡೆಯದಲ್ಲ, ಬೇಲಿಯ ಕಡೆಯದು.